ಕಂಬದ ಮೇಲಿನ ಮರ

ಅಮೆರಿಕದ ನ್ಯೂ ಆರ್ಲಿಯನ್ಸ್ ಪೇಟೆಯ ಬಾಗಿಲಲ್ಲೇ ಇರುವ ಟ್ರೆಮೆ, ಕಪ್ಪು ಜನರ ಹಳೇ ಕೇರಿ. ಅಲ್ಲಿನ ಕ್ಲೇಬೋರ್ನ್ ಬೀದಿಯಲ್ಲಿ ಸಾಲು ಓಕ್ ಮರ, ನೆರಳಲ್ಲಿ ಹಬ್ಬ, ಪಕ್ಕದಲ್ಲಿ ಅವರದೇ ಅಂಗಡಿಗಳು. 1966ರಲ್ಲಿ ಮರ ಕಡಿದರು. ಬೀದಿಯ ನೆತ್ತಿ ಮೇಲೆ ಹೆದ್ದಾರಿ ಕಟ್ಟಿದರು. ಕಾರುಳ್ಳವರು ಮೇಲೆ ಹೋದರು, ಕೆಳಗೆ ಅಂಗಡಿಗಳು ಮುಚ್ಚಿದವು.

ಆ ಜನ ಬಿಟ್ಟರೇ? ಸಿಮೆಂಟು ಕಂಬಗಳ ಮೇಲೆ ಅಲ್ಲಿನ ಕಲಾವಿದರು ಓಕ್ ಮರ ಬರೆದರು! ಇವತ್ತೂ ಕಂಬಗಳ ನಡುವೆ ವಾದ್ಯ ಬಾರಿಸಿ ಕುಣೀತಾರೆ. ಬೀದಿಗೆ ಮತ್ತೆ ಜೀವ ಬರಬೇಕು ಅಂತಾರೆ. ಹೆದ್ದಾರಿ ಕೆಡವಿ ಅಂತ ಕೆಲವರು. ಕೆಡವಿದರೆ ಬಾಡಿಗೆ ಏರಿ ನಾವೇ ಹೊರಗಾಗ್ತೀವಿ ಅಂತ ಕೆಲವರು. ಈ ಭಯ ನಮ್ಮ ಕೇರಿಗಳಿಗೂ ಗೊತ್ತು. ಹೆದ್ದಾರಿ ಹೋಗಲಿ ಅಂತಲೇ ನಾವೂ ಹೇಳ್ತೀವಿ. ಆದರೆ ಮೊದಲು ಅಲ್ಲಿರೋರಿಗೆ ಮನೆ ಖಾತ್ರಿ ಮಾಡಿ, ಆಮೇಲೆ ಕಂಬಕ್ಕೆ ಕೈ ಹಾಕಿ.