ಮೊಟ್ಟೆ ಇಡದ ಆಮೆಯ ಮೇಲೆ ದೂರು

ಸಾಕಿದ ಆಮೆ ಮೊಟ್ಟೆ ಇಡುತ್ತಿಲ್ಲ ಎಂದು ದೂರು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಲೋಕದಲ್ಲಿ ಸಿಟ್ಟು ಮಾಡಿಕೊಳ್ಳಲು ಈ ಟೀಚರಮ್ಮನಿಗೆ ಬೇರೆ ವಿಷಯವೇ ಸಿಗಲಿಲ್ಲವೇ ಎಂದು ನೀವು ನಗಬಹುದು. ನಗಿ, ಬೇಡ ಎನ್ನುವುದಿಲ್ಲ. ಮಾತು ಪೂರ್ತಿ ಕೇಳಿ ಆಮೇಲೆ ನಗಿ.

ನಮ್ಮ ಮಾಗಡಿಯಂಥ ಊರುಗಳಲ್ಲಿ ಹಿಂದೆಲ್ಲ ಹಿತ್ತಾಳೆಯ ಆಮೆಯೊಂದನ್ನು ನೀರಿನ ತಟ್ಟೆಯಲ್ಲಿಟ್ಟು ಜನ ತೃಪ್ತಿಪಡುತ್ತಿದ್ದರು. ಹಿತ್ತಾಳೆ ಆಮೆ ಪಾಪ, ಯಾರಿಗೂ ತೊಂದರೆ ಕೊಡುವುದಿಲ್ಲ, ಯಾರಿಂದಲೂ ತೊಂದರೆ ಅನುಭವಿಸುವುದೂ ಇಲ್ಲ. ಆದರೆ ಈಗ ಕೆಲವರಿಗೆ ಅದು ಸಾಲದು. ಜೀವ ಇರುವ ಆಮೆಯೇ ಬೇಕು, ಅದರಲ್ಲೂ ಬೆನ್ನ ಮೇಲೆ ಹಳದಿ ಗೆರೆಗಳ ನಕ್ಷತ್ರ ಬಿಡಿಸಿದಂತಿರುವ ಆಮೆ. ವಾಸ್ತು ಸರಿಹೋಗುತ್ತದಂತೆ, ಅಂಗಡಿಗೆ ವ್ಯಾಪಾರ ಕುದುರುತ್ತದಂತೆ, ಮನೆಗೆ ಲಕ್ಷ್ಮಿ ಬರುತ್ತಾಳಂತೆ. ಬಂದ ಮೇಲೆ ಮುಂದಿನ ಆಸೆ ಏಳುತ್ತದೆ. ಲಕ್ಷ್ಮಿ ಸುಮ್ಮನೆ ಕೂತರೆ ಸಾಕೇ? ಮೊಟ್ಟೆಯನ್ನೂ ಇಡಬೇಕು!

ನನ್ನ ತರಗತಿಯ ಹುಡುಗನೊಬ್ಬನ ತಾಯಿ ಒಂದು ಸಂಜೆ ಶಾಲೆಯ ಗೇಟಿನ ಬಳಿ ನನ್ನನ್ನು ನಿಲ್ಲಿಸಿದರು. ಮಗನ ಅಂಕದ ವಿಷಯವಿರಬೇಕು ಎಂದುಕೊಂಡೆ. ಅಲ್ಲ. "ಮಿಸ್, ನಮ್ಮನೇಲಿ ಒಂದು ಆಮೆ ಇದೆ. ಹೊಟ್ಟೇಲಿ ಮೊಟ್ಟೆ ಇದೆ ಅಂತ ತಂದುಕೊಟ್ಟೋನು ಹೇಳಿದ್ದ. ಆರು ತಿಂಗಳಾಯ್ತು, ಒಂದೂ ಇಟ್ಟಿಲ್ಲ. ನಮ್ಮತ್ತೆ ಇದು ಬಂಜೆ, ಮನೇಲಿ ಇರಬಾರದು ಅಂತಾರೆ. ಈಗ ಹದಿನೈದು ದಿನದಿಂದ ಬಾತ್‌ರೂಮಿನ ಮೂಲೇಲಿ ರಾತ್ರಿಯೆಲ್ಲ ಕರ್ ಕರ್ ಅಂತ ಕೆರೀತಾ ಇರತ್ತೆ. ಅಪಶಕುನವೇನೋ ಅಂತ ಭಯ ಆಗಿದೆ" ಎಂದರು. ಏನು ಹಾಕುತ್ತೀರಿ ಎಂದು ಕೇಳಿದೆ. ಇಡ್ಲಿ, ಬ್ರೆಡ್ಡು, ಒಮ್ಮೊಮ್ಮೆ ಮೊಸರನ್ನ. ಬಿಸಿಲಿಗೆ ಬಿಡುತ್ತೀರಾ? ಅಯ್ಯೋ ಇಲ್ಲ ಮಿಸ್, ಅಕ್ಕಪಕ್ಕದವರು ನೋಡಿದರೆ ಕಷ್ಟ.

ನಾನು ಸಮಾಜ ಪಾಠ ಹೇಳುವವಳು, ವಿಜ್ಞಾನದವಳಲ್ಲ. ಆದರೂ ಆ ಕರ್ ಕರ್ ಸದ್ದು ಏನೆಂದು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಹೆಣ್ಣು ಆಮೆ ಮೊಟ್ಟೆ ಇಡುವ ಕಾಲ ಬಂದಾಗ ಜಾಗ ಹುಡುಕುತ್ತದೆ. ಬಿಸಿಲು ಬೀಳುವ, ನೀರು ನಿಲ್ಲದ, ಅಗೆದರೆ ಕುಸಿಯದ ಮಣ್ಣು ಬೇಕು ಅದಕ್ಕೆ. ಅಲ್ಲಿ ಮುಂಗಾಲೂರಿ ನಿಂತು ಹಿಂಗಾಲುಗಳಿಂದ ಅಗೆಯುತ್ತದೆ. ಮಣ್ಣು ಗಟ್ಟಿಯಾಗಿದ್ದರೆ ತನ್ನ ಮೂತ್ರದಿಂದಲೇ ನೆನೆಸಿಕೊಂಡು ಮೆತ್ತಗೆ ಮಾಡಿಕೊಳ್ಳುತ್ತದೆ. ಬಾಯಿ ಕಿರಿದು, ಒಳಗೆ ಅಗಲ. ನಮ್ಮ ಮಣ್ಣಿನ ಹೂಜಿಯ ಹಾಗೆ ಒಂದು ಕುಳಿ. ತಿರುಗಿ ನೋಡದೆ, ಬರೀ ಹಿಂಗಾಲಿನ ಸ್ಪರ್ಶದಿಂದಲೇ ಒಂದೊಂದು ಮೊಟ್ಟೆಯನ್ನೂ ಒಳಗಿಳಿಸಿ, ಮಣ್ಣು ಎಳೆದು ಮುಚ್ಚಿ, ಹೊಟ್ಟೆಯಿಂದ ಒತ್ತಿ ಸಮ ಮಾಡಿ ಹೊರಟುಹೋಗುತ್ತದೆ. ಒಂದು ಸಲಕ್ಕೆ ಎರಡರಿಂದ ಹತ್ತು ಮೊಟ್ಟೆ, ಅಷ್ಟೇ. ಮರಿ ಹೊರಬರಲು ಮೂರು ನಾಲ್ಕು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಕ್ಕಿ ಮುಟ್ಟಿ ಮರಿ ಮಾಡುತ್ತದೆ, ಮೀನು ನೋಡಿ ಮಾಡುತ್ತದೆ, ಆಮೆ ದೂರದಿಂದ ನೆನೆದೇ ಮರಿ ಮಾಡುತ್ತದೆ ಎಂದು ನಮ್ಮ ಹಿರಿಯರು ಗುರುವಿನ ಕೃಪೆಗೆ ಹೋಲಿಸಿ ಹೇಳುತ್ತಿದ್ದರು. ಹಾಗೆ ಹೇಳಿದವರು ಆಮೆ ಮೊಟ್ಟೆ ಮುಚ್ಚಿ ಹೊರಟುಹೋಗುವುದನ್ನು ಕಣ್ಣಾರೆ ಕಂಡಿರಲೇಬೇಕು.

ಇನ್ನೊಂದು ವಿಷಯವಿದೆ, ಹೇಳದೆ ಇರಲಾರೆ. ಆ ಮೊಟ್ಟೆಯಿಂದ ಹೆಣ್ಣು ಬರಬೇಕೋ ಗಂಡು ಬರಬೇಕೋ ಎಂಬುದನ್ನು ನಿರ್ಧರಿಸುವುದು ಮಣ್ಣಿನ ಶಾಖ. ಬೆಚ್ಚಗಿದ್ದರೆ ಹೆಣ್ಣು, ತಂಪಿದ್ದರೆ ಗಂಡು. ಆಮೆಗಳಲ್ಲಿ ಸದ್ಯ ಅತ್ತೆಯರಿಲ್ಲ, ಅದೊಂದು ಪುಣ್ಯ.

ಈಗ ಆ ಬಾತ್‌ರೂಮಿಗೆ ಬನ್ನಿ. ಕೆಳಗೆ ಟೈಲ್ಸು, ಸುತ್ತ ಟೈಲ್ಸು. ಹೊಟ್ಟೆಯಲ್ಲಿ ಮೊಟ್ಟೆ ತುಂಬಿದ ಜೀವ ಹದಿನೈದು ರಾತ್ರಿ ಆ ಟೈಲ್ಸನ್ನು ಅಗೆಯಿತು. ಅದರ ಉಗುರು ಸವೆಯಿತು, ನೆಲಕ್ಕೆ ಒಂದು ಗೀರೂ ಬೀಳಲಿಲ್ಲ. ಮಣ್ಣು ಸಿಗದಿದ್ದರೆ ಆಮೆ ಮೊಟ್ಟೆಯನ್ನು ಒಳಗೇ ತಡೆದುಕೊಳ್ಳುತ್ತದೆ. ಕೆಲವು ವಾರ ತಡೆದುಕೊಂಡೀತು. ಅದಕ್ಕೂ ಮೀರಿದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿಲು ಕಾಣದ, ಹಸಿ ಸೊಪ್ಪು ತಿನ್ನದ ಆಮೆಗೆ ಸುಣ್ಣದಂಶ ಎಲ್ಲಿಂದ ಬರಬೇಕು? ಮೊಟ್ಟೆಯ ಚಿಪ್ಪಿಗೂ ಅದೇ ಬೇಕು, ಮೊಟ್ಟೆಯನ್ನು ಹೊರದೂಡುವ ಸ್ನಾಯುವಿಗೂ ಅದೇ ಬೇಕು. ಮೊದಲು ಊಟ ಬಿಡುತ್ತದೆ, ಆಮೇಲೆ ಮುಕ್ಕುತ್ತದೆ, ಹಿಂಗಾಲು ಎಳೆಯುತ್ತದೆ, ಕೊನೆಗೆ ಸಾಯುತ್ತದೆ. ಮನೆಯವರು ಇಟ್ಟ ಹೆಸರು ಮಾತ್ರ ಬಂಜೆ.

ಆ ಮಾತು ನನ್ನ ಕಿವಿಗೆ ಹೊಸದಲ್ಲ. ನಿಮ್ಮ ಕಿವಿಗೂ ಹೊಸದಿರಲಾರದು. ಮದುವೆಯಾಗಿ ವರ್ಷ ತುಂಬುವುದರೊಳಗೆ "ಏನಮ್ಮ, ಏನಾದರೂ ವಿಶೇಷ ಉಂಟಾ?" ಎಂದು ಕೇಳದ ಬೀದಿ ಯಾವುದು? ಹುಡುಗಿ ಏನು ಉಣ್ಣುತ್ತಾಳೆ, ಎಷ್ಟು ಹೊತ್ತು ಮಲಗುತ್ತಾಳೆ, ಗಂಡನನ್ನೂ ಡಾಕ್ಟರ ಬಳಿ ಕರೆದುಕೊಂಡು ಹೋದಿರಾ ಎಂದು ಯಾರೂ ಕೇಳುವುದಿಲ್ಲ. ಹೆಣ್ಣಿನ ಮೇಲೆ ದೂರು ಹೊರಿಸುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಚಿಪ್ಪಿನೊಳಗೆ ತಲೆ ಎಳೆದುಕೊಂಡ ಮೂಕಪ್ರಾಣಿಯನ್ನೂ ಬಿಡುತ್ತಿಲ್ಲ. ಅದೂ ನಾವೇ, ಹೆಂಗಸರೇ. ಆ ಮಾತಿನ ಪೆಟ್ಟು ತಿಂದವರೇ ಅದನ್ನು ಇನ್ನೊಂದು ಹೆಣ್ಣುಜೀವಕ್ಕೆ ದಾಟಿಸಿದರೆ ಹೇಗೆ?

ನನಗೆ ಅರ್ಥವಾಗದ್ದು ಇನ್ನೊಂದಿದೆ. ನಮ್ಮದು ರೇಷ್ಮೆಯ ನಾಡು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ಎಲ್ಲಿ ಹೋದರೂ ಹುಳು ಮೇಯಿಸಿದ ಮನೆಗಳ ಹೆಣ್ಣುಮಕ್ಕಳು ಸಿಗುತ್ತಾರೆ. ಹುಳುಮನೆಗೆ ಕಂಡಕಂಡವರನ್ನು ಬಿಡುವುದಿಲ್ಲ. ಸೊಪ್ಪು ಬಾಡಿರಬಾರದು, ಒದ್ದೆಯೂ ಇರಬಾರದು. ಚಳಿಯಾದರೆ ಬೆಂಕಿ, ಸೆಕೆಯಾದರೆ ಒದ್ದೆ ಗೋಣಿ. ಹುಳು ಜ್ವರಕ್ಕೆ ಕೂತಾಗ ಮುಟ್ಟುವಂತಿಲ್ಲ. ಹಣ್ಣಾದ ಗಳಿಗೆ ನೋಡಿ ಚಂದ್ರಿಕೆಗೆ ಬಿಡಬೇಕು, ಒಂದು ಹೊತ್ತು ಹೆಚ್ಚುಕಡಿಮೆಯಾದರೆ ಗೂಡು ಕೆಟ್ಟಿತು. ಒಂದು ಹುಳುವಿಗೆ ಏನು ಬೇಕೆಂದು ಇಷ್ಟು ತಿಳಿದ ಕೈಗಳು, ಆಮೆಗೆ ಏನು ಬೇಕೆಂದು ಒಂದು ಸಲವಾದರೂ ಕೇಳಬೇಡವೇ? ಬಹುಶಃ ನಮ್ಮ ಆತುರಕ್ಕೂ ಅದೇ ರೇಷ್ಮೆ ಕಾರಣವಿರಬಹುದು. ರೇಷ್ಮೆಯ ಚಿಟ್ಟೆ ಹಾಳೆಯ ಮೇಲೆ ಒಂದು ರಾತ್ರಿ ಕಳೆಯುವುದರೊಳಗೆ ನಾನೂರು ಐನೂರು ಮೊಟ್ಟೆ ಇಟ್ಟುಬಿಡುತ್ತದೆ. ಫಾರಂ ಕೋಳಿ ವರ್ಷಕ್ಕೆ ಮುನ್ನೂರರ ಹತ್ತಿರ ಇಡುತ್ತದೆ. ಇವನ್ನು ನೋಡಿದ ಕಣ್ಣಿಗೆ ಆಮೆ ಸೋಮಾರಿಯಾಗಿ ಕಾಣುತ್ತದೆ. ಆದರೆ ರಾಮದೇವರ ಬೆಟ್ಟದ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. 2012ರಲ್ಲಿ ಆ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಸರ್ಕಾರ ಘೋಷಿಸಿತು. ಒಂದೇ ಮೊಟ್ಟೆ ಯಾಕೆ ಎಂದು ಬೆಟ್ಟ ಹತ್ತಿ ಹೋಗಿ ರಣಹದ್ದನ್ನು ಯಾರಾದರೂ ಬೈದದ್ದುಂಟೇ?

ಆ ತಾಯಿಯ ಆಮೆಗೆ ಏನಾಯಿತು ಎಂದು ಕೇಳುತ್ತೀರಿ. ಅರಣ್ಯ ಇಲಾಖೆಗೆ ಒಪ್ಪಿಸಿ, ಅವರೇ ಚಿಕಿತ್ಸೆ ಕೊಡಿಸುತ್ತಾರೆ ಎಂದು ನಾನು ಅಂದೇ ಹೇಳಿದೆ. ಯಜಮಾನರು ಒಪ್ಪಲಿಲ್ಲವಂತೆ. ಬದಲಿಗೆ ಗುಟ್ಟಾಗಿ ಬೆಂಗಳೂರಿಗೆ ಒಯ್ದರು. ಅಲ್ಲಿ ಪಶುವೈದ್ಯರು ಎಕ್ಸ್‌ರೇ ತೆಗೆದರೆ ಹೊಟ್ಟೆಯಲ್ಲಿ ನಾಲ್ಕು ಮೊಟ್ಟೆ. ಮೊದಲು ಸುಣ್ಣದಂಶದ ಚುಚ್ಚುಮದ್ದು, ಆಮೇಲೆ ನಮಗೆ ಹೆರಿಗೆಯಲ್ಲಿ ನೋವು ಬರಲು ಕೊಡುತ್ತಾರಲ್ಲ, ಆಕ್ಸಿಟೋಸಿನ್, ಅದನ್ನೇ ಕೊಟ್ಟರಂತೆ. ಮೂರು ಇಡಿಯಾಗಿ ಬಂದವು, ಒಂದು ಒಡೆದು ಬಂತು. ಇದನ್ನು ಸಾಕುವುದು ಅಪರಾಧ, ಒಪ್ಪಿಸಿಬಿಡಿ ಎಂದು ಅವರೂ ಹೇಳಿ ಕಳಿಸಿದರಂತೆ. ಮನೆಯವರು ಮಾಡಿದ್ದೇನು? ಮೂರು ಮೊಟ್ಟೆಯನ್ನು ತೊಳೆದು, ಅರಿಶಿನ ಹಚ್ಚಿ, ದೇವರ ಗೂಡಿನಲ್ಲಿಟ್ಟರು. ಆಮೆ ಪುನಃ ಬಾತ್‌ರೂಮಿಗೆ. "ಬಂಜೆಯಲ್ಲ ಅಂತ ಗೊತ್ತಾಯ್ತಲ್ಲ ಮಿಸ್, ಈಗ ಅತ್ತೆ ಚೆನ್ನಾಗಿ ನೋಡ್ಕೋತಾರೆ" ಎಂದು ಆ ತಾಯಿ ಸಂತೋಷದಿಂದಲೇ ಹೇಳಿದರು. ನನಗೆ ಎದೆ ಧಸಕ್ಕೆಂದಿತು. ಗಂಡಿನ ಸಂಗವಿಲ್ಲದೆಯೂ ಹೆಣ್ಣು ಆಮೆಯ ಹೊಟ್ಟೆಯಲ್ಲಿ ಮೊಟ್ಟೆ ಕಟ್ಟುತ್ತದೆ, ಅದರಲ್ಲಿ ಮರಿಯಿರುವುದಿಲ್ಲ ಅಷ್ಟೆ. ಅಂದರೆ ಮುಂದಿನ ವರ್ಷ ಮತ್ತೆ ಮೊಟ್ಟೆ, ಮತ್ತೆ ಅದೇ ಟೈಲ್ಸು.

ಹಾಗಾದರೆ ಒಂದು ತೊಟ್ಟಿಯಲ್ಲಿ ಮಣ್ಣು ತುಂಬಿಡೋಣ, ಸೊಪ್ಪು ಹಾಕೋಣ, ಬಿಸಿಲಿಗೆ ಬಿಡೋಣ, ಆಗ ಸಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಇಲ್ಲ, ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಕ್ಷತ್ರ ಆಮೆಗೆ ರಕ್ಷಣೆ ಮೊದಲಿನಿಂದ ಇದ್ದರೂ ಅದು ನಾಲ್ಕನೇ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿ ಅದನ್ನು ಹುಲಿ, ಆನೆಗಳಿರುವ ಮೊದಲನೇ ಪಟ್ಟಿಗೆ ಏರಿಸಿತು. ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು. ಶಿಕ್ಷೆ ಮೂರರಿಂದ ಏಳು ವರ್ಷ. ಕೆರೆಯಿಂದ ಹಿಡಿದುತರುವ ನಮ್ಮ ನೀರಾಮೆಗೂ ರಕ್ಷಣೆ ಇದೆ. ದೇಶದೇಶಗಳ ನಡುವೆ ನಕ್ಷತ್ರ ಆಮೆಯ ವ್ಯಾಪಾರವೇ ಕೂಡದು ಎಂದು 2019ರಲ್ಲಿ ಎಲ್ಲ ರಾಷ್ಟ್ರಗಳೂ ಸೇರಿ ತೀರ್ಮಾನಿಸಿವೆ. ಕಾನೂನು ಒತ್ತಟ್ಟಿಗಿರಲಿ, ಅದು ನಿಮ್ಮ ಮನೆಗೆ ಬಂದದ್ದು ಹೇಗೆಂದು ಯೋಚಿಸಿದ್ದೀರಾ? ಕೋಲಾರ, ಚಿಂತಾಮಣಿ ಕಡೆಯ ಆಂಧ್ರದ ಗಡಿಯ ಕುರುಚಲು ಕಾಡಿನಲ್ಲಿ, ಹೊಲದ ಬದುವಿನಲ್ಲಿ ಮೇಯುತ್ತಿದ್ದದ್ದನ್ನು ಹೆಕ್ಕಿ ಗೋಣಿಚೀಲಕ್ಕೆ ತುಂಬುತ್ತಾರೆ. ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದ ಮೂಲಕ ಒಂದು ವರ್ಷದಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳು ಸಾಗಿಹೋದವೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಕೊಟ್ಟಿತು. ಒಂದು ಸಲಕ್ಕೆ ನಾಲ್ಕಾರು ಮೊಟ್ಟೆ ಇಡುವ ಪ್ರಾಣಿ ಈ ಲೆಕ್ಕವನ್ನು ಯಾವ ಕಾಲಕ್ಕೆ ತುಂಬಿಕೊಟ್ಟೀತು? ಆ ತಾಯಿಗೆ ಹೊಟ್ಟೇಲಿ ಮೊಟ್ಟೆ ಇದೆ ಎಂದು ಹೇಳಿ ಮಾರಿದವನಿಗೆ ಅದು ಗೊತ್ತಿದ್ದೇ ಮಾರಿದ್ದಾನೆ. ಬಸುರಿಯನ್ನು ಹಿಡಿದು ಮಾರುವವನಿಗೆ ದುಡ್ಡು ಕೊಟ್ಟವರು ಲಕ್ಷ್ಮಿಯ ಮಾತಾಡುತ್ತಾರೆ!

ಮಕ್ಕಳಿಗೆ ಪ್ರಾಣಿಗಳ ಮೇಲೆ ಪ್ರೀತಿ ಬೆಳೆಯುತ್ತದಲ್ಲ ಎಂಬುದು ಇನ್ನೊಂದು ವಾದ. ಬೆಳೆಯುವುದು ಏನೆಂದು ನಾನು ತರಗತಿಯಲ್ಲಿ ನೋಡಿದ್ದೇನೆ. "ಮನೆಯಲ್ಲಿ ಆಮೆ ಇರೋದು ಯಾರಿಗೂ ಹೇಳಬಾರದು ಅಂತ ಅಪ್ಪ ಹೇಳಿದ್ದಾರೆ ಮಿಸ್" ಎಂದು ಆ ಹುಡುಗ ಪಿಸುಗುಟ್ಟಿದ. ಹನ್ನೊಂದು ವರ್ಷದ ಮಗು ಕಲಿತದ್ದು ಪ್ರೀತಿಯೋ, ಮುಚ್ಚಿಡುವುದೋ?

ಒಪ್ಪಿಸಿದರೆ ನಮ್ಮನ್ನೇ ಹಿಡಿದು ಒಳಗೆ ಹಾಕುತ್ತಾರೆ ಎಂಬ ಹೆದರಿಕೆ ಮಾತ್ರ ನಿಜವಾದದ್ದು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ. ಪರಿಚಯದ ವಕೀಲರನ್ನೋ, ಪ್ರಾಣಿದಯೆಯ ಕೆಲಸ ಮಾಡುವ ಸಂಸ್ಥೆಯವರನ್ನೋ ಜೊತೆಗೆ ಕರೆದುಕೊಂಡು ಹೋಗಿ. ತಾನಾಗಿ ತಂದು ಒಪ್ಪಿಸುವವರೂ ಅಡಗಿಸಿಟ್ಟು ಸಿಕ್ಕಿಬೀಳುವವರೂ ಒಂದೇ ಅಲ್ಲ. ಇಲಾಖೆಯೂ ಅವರನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ತೂಗಿದರೆ ಬಾತ್‌ರೂಮಿನ ಆಮೆಗಳು ಬಾತ್‌ರೂಮಿನಲ್ಲೇ ಸಾಯುತ್ತವೆ. ಹೊರದೇಶಕ್ಕೆ ಹೋದದ್ದೂ ವಾಪಸು ಬಂದದ್ದುಂಟು. ಸಿಂಗಪುರದಲ್ಲಿ ಸಿಕ್ಕ 51 ನಕ್ಷತ್ರ ಆಮೆಗಳು 2018ರ ನವೆಂಬರಿನಲ್ಲಿ ವಿಮಾನವೇರಿ ಬೆಂಗಳೂರಿಗೆ ಬಂದವು, ನಮ್ಮ ಕರ್ನಾಟಕದ ಕಾಡಿಗೆ ಮರಳಿಸುವ ಸಲುವಾಗಿ. ಸಿಂಗಪುರದಿಂದ ಆಗುವುದಾದರೆ ಮಾಗಡಿಯ ಯಾವುದೋ ಬೀದಿಯಿಂದ ಆಗದೇ?

ಹಾಗೆಂದು ರಾತ್ರೋರಾತ್ರಿ ಸಾವನದುರ್ಗದ ಕಾಡಿನಲ್ಲಿ ಬಿಟ್ಟುಬರಬೇಡಿ. ಮನೆಯಲ್ಲಿದ್ದ ಆಮೆಗೆ ತಗುಲಿದ ರೋಗ ಅಲ್ಲಿನವಕ್ಕೂ ಹರಡೀತು, ಇದಕ್ಕೂ ಮೇವು ಹುಡುಕುವ ರೂಢಿ ತಪ್ಪಿರುತ್ತದೆ. ದೇವಸ್ಥಾನದ ಕಲ್ಯಾಣಿಗಂತೂ ಖಂಡಿತ ಬಿಡಬೇಡಿ. ಇದು ನೆಲದ ಆಮೆ, ಈಜು ಬಾರದು. ಮೆಟ್ಟಿಲು ಹತ್ತಲಾರದೆ ಮುಳುಗಿ ಸಾಯುತ್ತದೆ. ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ, ಗಾಳಿಗೆ ನಾಲ್ಕು ತೂತು ಮಾಡಿ, ಅಡಿಗೆ ಒಣಹುಲ್ಲು ಹಾಸಿ. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಬೆಳಗಿನ ಹೊತ್ತು ಹೋಗಿ. ಕೆರೆಯುತ್ತಿದ್ದರೆ, ಊಟ ಬಿಟ್ಟಿದ್ದರೆ, ಎಷ್ಟು ದಿನದಿಂದ ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಅಲ್ಲಿನ ವೈದ್ಯರಿಗೆ ಅದು ಬೇಕಾಗುತ್ತದೆ.