ಊರಿನ ದಾರಿಯಲ್ಲಿ ವೇಳಾಸ್‌ಗೆ ಕಾರು ತಿರುಗಿಸಬೇಕೇ?

ಪರೀಕ್ಷೆ ಮುಗಿದು ಯುಗಾದಿಗೆ ಊರಿಗೆ ಹೊರಡುವಾಗ ಠಾಣೆಯ ನೌಪಾಡಾದ ಕನ್ನಡ ಮನೆಗಳಲ್ಲಿ ಚರ್ಚೆ ಏಳುವುದುಂಟು: ರೈಲೇ ಸಾಕೇ, ಇಲ್ಲ ಕಾರಿನಲ್ಲಿ ಕಡಲ ದಾರಿ ಹಿಡಿದು ಕೊಂಕಣ ತೀರದ ವೇಳಾಸ್‌ನ ಆಮೆಮರಿಗಳನ್ನು ನೋಡಿಕೊಂಡು ಹೋಗೋಣವೇ?

ಪರ

ಮತ್ಸ್ಯಗಂಧಾ ರೈಲು ಹತ್ತಿದರೆ ಕೊಂಕಣದ ಬಹುಪಾಲು ಕತ್ತಲಲ್ಲೇ ಕಳೆಯುತ್ತದೆ. ಮಕ್ಕಳಿಗೆ ಗೊತ್ತಾಗುವುದು ಸುರಂಗದ ಸದ್ದು ಮಾತ್ರ. ಕಡಲ ದಾರಿಯಲ್ಲಾದರೆ ಮುರುಡ್ ಹತ್ತಿರ ಫಣಸಾಡ್ ಇದೆ. ಜಂಜೀರಾ ನವಾಬರು ಬೇಟೆಯಾಡುತ್ತಿದ್ದ ಕಾಡು 1986ರಲ್ಲಿ ಅಭಯಾರಣ್ಯವಾಯಿತು. ಅದೃಷ್ಟವಿದ್ದರೆ ಕೆಂಜಳಿಲು ಕಾಣಿಸುತ್ತದೆ. ಆಗರದಾಂಡಾದಲ್ಲಿ ಕಾರನ್ನು ಬಾರ್ಜ್‌ಗೆ ಹತ್ತಿಸಿ ದಿಘಿಗೆ ದಾಟಬೇಕು, ಬಾಗಮಾಂಡಲಾದಲ್ಲಿ ಮತ್ತೊಮ್ಮೆ. ಆಚೆ ದಡದಿಂದ ವೇಳಾಸ್ ದೂರವಿಲ್ಲ.

ಆಲಿವ್ ರಿಡ್ಲೆ ಆಮೆಯ ಮೊಟ್ಟೆಗಳನ್ನು ಅಗೆದು ಒಯ್ಯುತ್ತಿದ್ದ ತೀರವದು. 2002ರಲ್ಲಿ ಚಿಪ್ಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಅಲ್ಲಿ ರಕ್ಷಣೆಯ ಕೆಲಸ ಶುರುಮಾಡಿತು. ಮೊಟ್ಟೆಗಳನ್ನು ಬೇಲಿಯೊಳಗೆ ಹೂತು ಕಾಯುವುದನ್ನು ಊರವರೂ ಕೈಗೆತ್ತಿಕೊಂಡರು. ಮರಿ ನೋಡಲು ಬಂದವರು ಊರಿನ ಮನೆಗಳಲ್ಲೇ ತಂಗಿದರು, ಅಲ್ಲೇ ಉಂಡರು. ಆಮೆ ಉಳಿದರೆ ಅನ್ನ ಹುಟ್ಟುತ್ತದೆಂದು ಹಳ್ಳಿಗೆ ಮನದಟ್ಟಾಯಿತು. ನಾವು ಹೋಗುವುದನ್ನೇ ಬಿಟ್ಟರೆ ಆ ಆದಾಯಕ್ಕೂ ಕಲ್ಲು ಬೀಳುತ್ತದೆ.

ವಿರೋಧ

ಮೊಟ್ಟೆಯೊಡೆದ ಮರಿ ಬೆಳಕಿರುವ ಕಡೆಗೆ ತೆವಳುತ್ತದೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲಿನದು. ಹೆಡ್‌ಲೈಟು, ಟಾರ್ಚು ಬಂದರೆ ಅದು ದಾರಿ ತಪ್ಪುತ್ತದೆ. ಅಂಗೈಗಿಂತ ಚಿಕ್ಕ ಮರಿಗೆ ಮರಳಲ್ಲಿ ಚಕ್ರ ಕೊರೆದ ಗುರುತೂ ಕಂದಕವೇ. ಮೊಟ್ಟೆಯಿಡಲು ರಾತ್ರಿ ದಡಕ್ಕೆ ಬರುವ ತಾಯಿ ಗದ್ದಲಕ್ಕೆ ಬೆದರಿ ಹಾಗೇ ನೀರಿಗೆ ಮರಳುವುದುಂಟು.

ಇದುವರೆಗೆ ವಾಹನಗಳ ನುಗ್ಗಾಟಕ್ಕೆ ತಡೆಯಾಗಿದ್ದದ್ದು ಬಾರ್ಜ್‌ನಲ್ಲಿ ದಾಟಬೇಕಾದ ಆ ಖಾಡಿಗಳೇ. ರೇವಸ್–ರೆಡ್ಡಿ ಸಾಗರಿ ಮಹಾಮಾರ್ಗದ ಯೋಜನೆ ಈಗ ಅವುಗಳ ಮೇಲೆ ಸೇತುವೆ ಎಬ್ಬಿಸುತ್ತಿದೆ. ಬಾರ್ಜ್‌ಗೆ ಕಾಯುವುದು ತಪ್ಪಿದರೆ ಬೆಳಿಗ್ಗೆ ಬಂದು ಸಂಜೆ ಹೊರಡುವವರೇ ಹೆಚ್ಚುತ್ತಾರೆ. ತಂಗದವರಿಂದ ಹಳ್ಳಿಗೆ ಉಳಿಯುವುದು ಕಸ. ಆದಾಯದ ವಾದ ನಿಂತಿರುವುದು ಜನ ತಂಗುವುದರ ಮೇಲೆ. ಆ ಬುಡವೇ ಅಲುಗುತ್ತದೆ. ನಮ್ಮ ಹೊನ್ನಾವರದ ಕಾಸರಕೋಡು ಟೊಂಕದಲ್ಲೂ ಬಂದರಿನ ರಸ್ತೆ ಆಮೆ ಮೊಟ್ಟೆಯಿಡುವ ತೀರಕ್ಕೇ ಬಂದಾಗ ಮೀನುಗಾರರು ಬೀದಿಗಿಳಿಯಬೇಕಾಯಿತು.

ನನ್ನ ಮನಸ್ಸು ವಾಲುವುದು ಈ ಕಡೆಗೇ. ಹೋಗಲೇಬೇಕೆಂದರೆ ರಾತ್ರಿ ಊರವರ ಮನೆಯಲ್ಲಿ ತಂಗಿ, ಕಾರನ್ನು ಊರೊಳಗೇ ಬಿಟ್ಟು ತೀರಕ್ಕೆ ನಡೆಯಿರಿ. ಇಲ್ಲವೆಂದರೆ ಮಕ್ಕಳನ್ನು ಐರೋಲಿಗೆ ಕರೆದೊಯ್ಯಿರಿ. 2022ರಲ್ಲಿ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿ ಸೇರಿದ ಅಲ್ಲಿನ ಠಾಣೆ ಖಾಡಿಯಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಫ್ಲೆಮಿಂಗೊಗಳ ಹಿಂಡೇ ಇರುತ್ತದೆ, ಅಲ್ಲಿಗೆ ಹೋಗಿ ಬರಲು ಅರ್ಧ ದಿನ ಸಾಕು.