ಲಂಡನ್ ಹೇಳಿತು, ನಾವೇನು ಹೇಳುತ್ತೇವೆ?

ರಘು ದೀಕ್ಷಿತರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಸಿನಿಮಾದ್ದಲ್ಲ, ಅವರ ತಂಡದ್ದೇ ಹಾಡುಗಳು. ಅದರಲ್ಲಿ ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’, ‘ಗುಡುಗುಡಿಯ ಸೇದಿ ನೋಡೋ’ ಕೂಡ ಇವೆ, ಗಿಟಾರ್ ಜೊತೆ. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಈ ತಂಡಕ್ಕೆ ಹೊಸಬರ ಪ್ರಶಸ್ತಿ ಕೊಟ್ಟಿತು.

ಸಂತೋಷ. ಆದರೆ ಕನ್ನಡ ಬಾರದವರು ತೂಗಿದ್ದು ದನಿ ಮತ್ತು ತಾಳವನ್ನು. ಗುಡುಗುಡಿ ಬರೀ ಹುಕ್ಕಾ ಅಲ್ಲ, ಮಾಳಿಗಿ ಬರೀ ಮನೆಯದ್ದಲ್ಲ. ಆ ಒಳಾರ್ಥ ಹೊಸ ವಾದ್ಯಗಳ ನಡುವೆ ಉಳಿಯಿತೇ? ಇದನ್ನು ಹೇಳಬೇಕಾದವರು ನಾವು. ಶಿಶುನಾಳ ಇರುವುದು ನಮ್ಮ ಮುಂಡಗೋಡದ ಪಕ್ಕದ ಶಿಗ್ಗಾವಿ ತಾಲೂಕಿನಲ್ಲೇ. ಭಜನೆಯಲ್ಲಿ ಈ ಪದಗಳನ್ನು ಕೇಳಿ ಬೆಳೆದ ಕಿವಿ ನಮ್ಮದು.

ನಮ್ಮ ಅಭಿಪ್ರಾಯ ಇಷ್ಟೇ: ಗಿಟಾರ್ ಬಂದರೆ ಪದ ಕೆಡುವುದಿಲ್ಲ, ಮಾತು ಕೇಳದಿದ್ದರೆ ಕೆಡುತ್ತದೆ. ಅಂಬೇವಾಡಿಯಲ್ಲಿ ಮೊಬೈಲ್ ಹಿಡಿದು ಕೇಳುವವರು ‘ಚಲೋ ಐತಿ’ ಅಂದರೆ ಸಾಲದು, ‘ಶರೀಫಜ್ಜನ ಪದ ಕೆಡಿಸ್ಯಾರ’ ಅಂದರೂ ಸಾಲದು. ಯಾವ ಮಾತು ತಟ್ಟಿತು, ಯಾವುದು ತಪ್ಪಿತು, ಯಾಕೆ ಅಂತ ಹೇಳಬೇಕು.

ನಾಳೆ ಹಳಿಯಾಳದ ಸಿದ್ದಿ ಹುಡುಗರು ಡಮಾಮಿ ಪದಗಳ ಆಲ್ಬಂ ತಂದರೆ, ಮೊದಲ ವಿಮರ್ಶೆ ಲಂಡನ್ನಿನಿಂದ ಬರುವ ತನಕ ಕಾಯುವುದು ಬೇಡ.